ಬಿಯರ್ ಪೀಪಾಯಿಗಳ ನಡುವೆ ಉಳಿದ ರಂಗಮಂದಿರ: ಸಫೋಕ್‌ನ ಹಳೆ ಕಟ್ಟಡಗಳ ಕಾನೂನು, ಕಾಸು, ಕಥೆ

ಇಂಗ್ಲೆಂಡಿನ ಪೂರ್ವ ಭಾಗದ ಸಫೋಕ್‌ನಲ್ಲಿ ಬೆರಿ ಸೇಂಟ್ ಎಡ್ಮಂಡ್ಸ್ ಅಂತ ಒಂದು ಊರಿದೆ. ಅಲ್ಲಿನ ವೆಸ್ಟ್‌ಗೇಟ್ ಬೀದಿಯಲ್ಲಿ ಗ್ರೀನ್ ಕಿಂಗ್ ಎಂಬ ಹಳೆ ಬಿಯರ್ ಕಾರ್ಖಾನೆ. ಅದರ ಎದುರಿಗೇ 1819ರಲ್ಲಿ ಕಟ್ಟಿದ ಒಂದು ರಂಗಮಂದಿರ, ಹೆಸರು ಥಿಯೇಟರ್ ರಾಯಲ್. 1925ರಲ್ಲಿ ಅಲ್ಲಿ ನಾಟಕ ನಿಂತುಹೋಯಿತು. ಮುಂದಿನ 40 ವರ್ಷ ಆ ರಂಗಮಂದಿರದೊಳಗೆ ತುಂಬಿಕೊಂಡಿದ್ದದ್ದು ಜನ ಅಲ್ಲ, ಬಿಯರ್ ಪೀಪಾಯಿಗಳು. 1965ರಲ್ಲಿ ಪೀಪಾಯಿ ಹೊರಗೆ ಹೋದವು, ನಾಟಕ ಮತ್ತೆ ಒಳಗೆ ಬಂತು. ಇವತ್ತೂ ಅಲ್ಲಿ ಸಂಜೆ ಆಟ ನಡೆಯುತ್ತದೆ.

ಈ ಊರಿನ ಬಗ್ಗೆ ನಾನು ಓದತೊಡಗಿದ್ದು ಅಕ್ಕನ ಮಗಳಿಂದಾಗಿ. ಅವಳು ಇರುವುದು ಇಪ್ಸ್‌ವಿಚ್‌ನಲ್ಲಿ. ಅದರ ಪಕ್ಕದ ಮಾರ್ಟಲ್‌ಶಮ್‌ನಲ್ಲಿ ಬಿಟಿ ಎಂಬ ಟೆಲಿಫೋನ್ ಕಂಪನಿಯ ದೊಡ್ಡ ಸಂಶೋಧನಾ ಕೇಂದ್ರ ಇದೆ, ಐಟಿಯವರಿಗೆ ಗೊತ್ತಿರುತ್ತದೆ. ಹೋದ ಚಳಿಗಾಲದಲ್ಲಿ ಹಳೇ ಮನೆಯೊಂದನ್ನು ಕೊಂಡಳು. ಕಿಟಕಿಯಿಂದ ಗಾಳಿ ನುಗ್ಗುತ್ತಿತ್ತು, ಡಬಲ್ ಗಾಜು ಹಾಕಿಸೋಣ ಅಂತ ಹೊರಟಳು. "ಆಗಲ್ವಂತೆ ಚಿಕ್ಕಮ್ಮಾ. ಮನೆ ಲಿಸ್ಟೆಡ್ ಅಂತೆ. ನಮ್ಮ ಮನೆ ಕಿಟಕಿಗೆ ನಾವೇ ಪರ್ಮಿಷನ್ ಕೇಳ್ಬೇಕಂತೆ!" ಅಂತ ಫೋನು.

ಯಾಕೆ ಕೇಳಬೇಕು? ಯಾರನ್ನು ಕೇಳಬೇಕು? ಆ ನಿಯಮಕ್ಕೂ ಪೀಪಾಯಿ ತುಂಬಿದ್ದ ರಂಗಮಂದಿರಕ್ಕೂ ಏನು ಸಂಬಂಧ? ಮೊದಲಿಂದ ನೋಡೋಣ.

ಸಫೋಕ್ ಅಂದರೆ ಎಲ್ಲಿ?

ಇಂಗ್ಲೆಂಡನ್ನು ಕೌಂಟಿಗಳಾಗಿ ಹಂಚಿದ್ದಾರೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಲಂಡನ್ನಿನ ಈಶಾನ್ಯಕ್ಕೆ, ಸಮುದ್ರದ ದಡದಲ್ಲಿರುವ ಕೌಂಟಿ ಸಫೋಕ್. ಸುಮಾರು 3,800 ಚದರ ಕಿಲೋಮೀಟರ್, ಅಂದರೆ ನಮ್ಮ ಕೊಡಗಿಗಿಂತ ಸ್ವಲ್ಪ ಚಿಕ್ಕದು. ಬೆಟ್ಟಗುಡ್ಡ ಇಲ್ಲ. ಬಾರ್ಲಿ ಹೊಲ, ಜೌಗು, ಹಳ್ಳಿಗಳು. ಇಪ್ಸ್‌ವಿಚ್ ಅಲ್ಲಿನ ದೊಡ್ಡ ಊರು.

ಕಟ್ಟಡದ ಮಾತಿಗೆ ಬಂದರೆ ಒಂದು ವಿಷಯ ಮುಖ್ಯ. ಸಫೋಕ್‌ನಲ್ಲಿ ಕಟ್ಟೋಕೆ ಒಳ್ಳೆ ಕಲ್ಲು ಸಿಗುವುದಿಲ್ಲ. ಹೊಲದಲ್ಲಿ ಸಿಗುವುದು ಫ್ಲಿಂಟ್ ಅನ್ನುವ ಗಟ್ಟಿ ಉಂಡೆಗಲ್ಲು ಮಾತ್ರ. ಹಾಗಾಗಿ ಚರ್ಚುಗಳಿಗೆ ಫ್ಲಿಂಟ್, ಮನೆಗಳಿಗೆ ಮರದ ಚೌಕಟ್ಟು. ಮರದ ನಡುವಿನ ಜಾಗಕ್ಕೆ ಕಡ್ಡಿ ಹೆಣೆದು ಮಣ್ಣು ಮೆತ್ತಿ, ಮೇಲೆ ಸುಣ್ಣ ಬಳಿಯುತ್ತಿದ್ದರು. ನಮ್ಮ ಮಲೆನಾಡಿನ ಹಳೇ ತಡಿಕೆ ಗೋಡೆ ನೋಡಿದವರಿಗೆ ಇದು ಹೊಸದೇನಲ್ಲ. ಸುಣ್ಣಕ್ಕೆ ತಿಳಿ ಗುಲಾಬಿ ಬಣ್ಣ ಬೆರೆಸುವ ರೂಢಿ ಬೆಳೆದು, ಆ ಬಣ್ಣಕ್ಕೆ ಸಫೋಕ್ ಪಿಂಕ್ ಅಂತಲೇ ಹೆಸರು ಬಿದ್ದಿದೆ.

ಈ ಕೌಂಟಿಗೂ ನಮಗೂ ಒಂದು ಹಳೇ ನಂಟು ಇದೆ, ಅಷ್ಟೇನೂ ಸಿಹಿಯಾದದ್ದಲ್ಲ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದವನು, ಮರುವರ್ಷ ಶ್ರೀರಂಗಪಟ್ಟಣದ ಎದುರು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದವನು ಲಾರ್ಡ್ ಕಾರ್ನ್‌ವಾಲಿಸ್ ಅಲ್ವಾ? ಅವನ ಮನೆತನ ಸಫೋಕ್‌ನದು. ಬೆರಿ ಊರಿನಿಂದ ಆರೇಳು ಕಿಲೋಮೀಟರ್ ದೂರದ ಕಲ್ಫರ್ಡ್‌ನಲ್ಲಿ ಅವನ ಬಂಗಲೆ. ಅವನು ಇಲ್ಲಿ ಯುದ್ಧ ಮಾಡುತ್ತಿದ್ದ ಹೊತ್ತಿನಲ್ಲೇ ಅಲ್ಲಿ ಮನೆಯನ್ನು ಹೊಸದಾಗಿ ಕಟ್ಟಿಸುವ ಕೆಲಸ ನಡೆದಿತ್ತು. ಈಗ ಅದು ಒಂದು ಶಾಲೆ.

"ಲಿಸ್ಟೆಡ್" ಅಂದರೇನು?

ಪದ ತುಂಬ ಸರಳ. ಸರ್ಕಾರ ಒಂದು ಪಟ್ಟಿ ಇಟ್ಟುಕೊಂಡಿದೆ, ಆ ಪಟ್ಟಿಯಲ್ಲಿರುವ ಕಟ್ಟಡ ಲಿಸ್ಟೆಡ್. ಇಂಗ್ಲೆಂಡಿನಲ್ಲಿ ಈ ಪಟ್ಟಿಗೆ ಸುಮಾರು 4 ಲಕ್ಷ ನಮೂದುಗಳಿವೆ. ಒಂದು ನಮೂದಿನಲ್ಲಿ ಒಂದು ಸಾಲು ಮನೆಗಳೇ ಸೇರಿರಬಹುದು, ಹಾಗಾಗಿ ಕಟ್ಟಡಗಳ ಲೆಕ್ಕ ಇನ್ನೂ ಜಾಸ್ತಿ.

ಪಟ್ಟಿ ಹುಟ್ಟಿದ್ದು ಬಾಂಬಿನಿಂದ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಇಂಗ್ಲೆಂಡಿನ ಊರುಗಳ ಮೇಲೆ ಬಾಂಬು ಸುರಿಸುತ್ತಿದ್ದವು. ಅರ್ಧ ಕುಸಿದ ಕಟ್ಟಡಗಳಲ್ಲಿ ಯಾವುದನ್ನು ಬೀಳಿಸಬೇಕು, ಯಾವುದಕ್ಕೆ ಆಸರೆ ಕೊಟ್ಟು ನಿಲ್ಲಿಸಬೇಕು? ಬೇಗ ತೀರ್ಮಾನ ಆಗಬೇಕಿತ್ತು. ಅದಕ್ಕೆ ಪಟ್ಟಿ ಮಾಡತೊಡಗಿದರು. ಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಇದು ಕಾನೂನಾಯಿತು. 1947ರ ಕಾನೂನು ಇನ್ನಷ್ಟು ಗಟ್ಟಿ ಮಾಡಿತು.

ಪಟ್ಟಿಯಲ್ಲಿ ಮೂರು ದರ್ಜೆ. ಗ್ರೇಡ್ 1 ಅಂದರೆ ಅಸಾಧಾರಣ, ಇದು ಒಟ್ಟು ಪಟ್ಟಿಯ ಶೇ. 2.5ರಷ್ಟು. ಅದರ ಕೆಳಗಿನದು ಗ್ರೇಡ್ 2 ಸ್ಟಾರ್, ಶೇ. 5.8. ಉಳಿದ ಶೇ. 91.7 ಬರೀ ಗ್ರೇಡ್ 2. ಮನೆಗಳೆಲ್ಲ ಹೆಚ್ಚಾಗಿ ಇದರಲ್ಲೇ. 1700ಕ್ಕಿಂತ ಹಿಂದಿನ ಕಟ್ಟಡ ಮೂಲ ರೂಪದ ಆಸುಪಾಸಿನಲ್ಲಿದ್ದರೆ ಸಾಮಾನ್ಯವಾಗಿ ಪಟ್ಟಿ ಸೇರುತ್ತದೆ. 1700ರಿಂದ 1850ರ ತನಕದವೂ ಬಹುಪಾಲು ಸೇರುತ್ತವೆ. ಆಮೇಲಿನವುಗಳಿಗೆ ಜರಡಿ ಸಣ್ಣದಾಗುತ್ತಾ ಹೋಗುತ್ತದೆ.

ಯಾರು ಬೇಕಾದರೂ "ಈ ಕಟ್ಟಡ ಪಟ್ಟಿಗೆ ಸೇರಿಸಿ" ಅಂತ ಅರ್ಜಿ ಹಾಕಬಹುದು. ಮಾಲೀಕನೇ ಆಗಬೇಕೆಂದಿಲ್ಲ. ಹಿಸ್ಟಾರಿಕ್ ಇಂಗ್ಲೆಂಡ್ ಎಂಬ ಸರ್ಕಾರಿ ಸಂಸ್ಥೆ ಪರಿಶೀಲಿಸಿ ಸಲಹೆ ಕೊಡುತ್ತದೆ, ಸಂಸ್ಕೃತಿ ಖಾತೆಯ ಮಂತ್ರಿ ತೀರ್ಮಾನಿಸುತ್ತಾರೆ. ಸೇರಿದ ಮೇಲೆ ಬದಲಾವಣೆಗೆ ಒಪ್ಪಿಗೆ ಕೊಡುವುದು ಮಾತ್ರ ಸ್ಥಳೀಯ ಕೌನ್ಸಿಲ್, ಅಂದರೆ ನಮ್ಮ ನಗರಸಭೆಯ ಹಾಗಿನದು.

ಜನ ತಪ್ಪು ತಿಳಿಯುವುದು ಇಲ್ಲೇ

"ಮುಂದಿನ ಗೋಡೆ ಮುಟ್ಟಬಾರದು, ಒಳಗೆ ಏನು ಬೇಕಾದರೂ ಮಾಡ್ಕೋಬಹುದು" ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಮನೆ ಮಾರಿದ ಏಜೆಂಟೇ ನಮ್ಮ ಹುಡುಗಿಗೆ ಹಾಗೆ ಹೇಳಿದ್ದನಂತೆ. ಅದು ಸರಿಯಲ್ಲ. ಪಟ್ಟಿ ಸೇರಿದರೆ ಇಡೀ ಕಟ್ಟಡ ಸೇರಿದ ಹಾಗೆ: ಮೆಟ್ಟಿಲು, ಬಾಗಿಲು, ಅಗ್ಗಿಷ್ಟಿಕೆ, ಗೋಡೆಗೆ ಭದ್ರವಾಗಿ ಸೇರಿರುವ ಬೀರು, ಎಲ್ಲ. ಹಿತ್ತಲಿನ ಹಳೇ ಕೊಟ್ಟಿಗೆ 1948ರ ಜುಲೈ 1ಕ್ಕಿಂತ ಮುಂಚಿನದಾದರೆ ಅದೂ ಬಹುತೇಕ ಸೇರುತ್ತದೆ.

ಹಾಗಂತ ಏನೂ ಮಾಡಲೇಬಾರದು ಅಂತಲ್ಲ. ಇದು ಇನ್ನೊಂದು ತಪ್ಪು ತಿಳಿವಳಿಕೆ. ಹೋದ ಹೆಂಚಿಗೆ ಅದೇ ತರದ ಹೆಂಚು, ಕೊಳೆತ ಹಲಗೆಗೆ ಅದೇ ಮರದ ಹಲಗೆ ಹಾಕುವ ಸಣ್ಣ ರಿಪೇರಿಗೆ ಸಾಮಾನ್ಯವಾಗಿ ಒಪ್ಪಿಗೆ ಬೇಕಿಲ್ಲ. ಕಟ್ಟಡದ ಸ್ವರೂಪ ಬದಲಾಗುವ ಕೆಲಸಕ್ಕೆ ಬೇಕು. ಕೇಳಿದರೆ ಕೊಡುವುದೂ ಉಂಟು. ಅರ್ಜಿಗೆ ಶುಲ್ಕವಿಲ್ಲ, ಎಂಟು ವಾರದಲ್ಲಿ ಉತ್ತರ ಕೊಡಬೇಕು ಅನ್ನುವುದು ನಿಯಮ. ಕೇಳದೆ ಮಾಡಿದರೆ ಅದು ಅಪರಾಧ. ಎರಡು ವರ್ಷದ ತನಕ ಜೈಲು, ಮಿತಿಯಿಲ್ಲದ ದಂಡ.

ಮನೆ ಕೊಳ್ಳುವವರು ಕಿವಿಗೊಡಬೇಕಾದ ಮಾತೊಂದಿದೆ. ಹಿಂದಿನ ಮಾಲೀಕ ಒಪ್ಪಿಗೆ ಕೇಳದೆ ಕದ್ದುಮುಚ್ಚಿ ಪ್ಲಾಸ್ಟಿಕ್ ಕಿಟಕಿ ಹಾಕಿಸಿದ್ದರೆ, "ಕಿತ್ತು ಮೊದಲಿನ ಹಾಗೆ ಮಾಡಿ" ಎಂಬ ನೋಟೀಸು ಈಗಿನ ಮಾಲೀಕರಿಗೆ ಬರಬಹುದು. ಇದಕ್ಕೆ ಕಾಲಮಿತಿ ಇಲ್ಲ.

ನಿಯಮ ಎಷ್ಟು ವಿಚಿತ್ರವಾಗಿ ಕೆಲಸ ಮಾಡುತ್ತದೆ ಅನ್ನೋದಕ್ಕೆ ಇಪ್ಸ್‌ವಿಚ್‌ನಲ್ಲೇ ಒಂದು ಒಳ್ಳೆ ಉದಾಹರಣೆ ಇದೆ. ಊರ ಮಧ್ಯದಲ್ಲಿ ಕಪ್ಪು ಗಾಜಿನ, ಬಳುಕುವ ಗೋಡೆಯ ಒಂದು ಆಫೀಸು ಕಟ್ಟಡ. ವಿಲ್ಲಿಸ್ ಬಿಲ್ಡಿಂಗ್ ಅಂತಾರೆ. ನಾರ್ಮನ್ ಫಾಸ್ಟರ್ ವಿನ್ಯಾಸ, 1975ರಲ್ಲಿ ಮುಗಿದದ್ದು. ಮಾಡಿನ ಮೇಲೆ ಹುಲ್ಲುಹಾಸು, ನೆಲಮಹಡಿಯಲ್ಲಿ ನೌಕರರಿಗೆ ಈಜುಕೊಳ. 1991ರಲ್ಲಿ, ಕಟ್ಟಿ 16 ವರ್ಷಕ್ಕೇ, ಅದನ್ನು ಗ್ರೇಡ್ 1 ಮಾಡಿದರು. ಕಂಪನಿಗೆ ಆಮೇಲೆ ಮೇಜು ಹಾಕಲು ಜಾಗ ಬೇಕಾಯಿತು, ಈಜುಕೊಳ ಬೇಡವಾಯಿತು. ಆದರೆ ಲಿಸ್ಟೆಡ್ ಕಟ್ಟಡದ ಕೊಳವನ್ನು ಕಿತ್ತು ಮುಚ್ಚುವ ಹಾಗಿಲ್ಲ. ಅದಕ್ಕೇ ಮೇಲೊಂದು ನೆಲ ಹಾಸಿ ಮೇಜು ಇಟ್ಟರು. ಕೊಳ ಈಗಲೂ ಕೆಳಗೆ ಹಾಗೇ ಇದೆ.

ನನಗೆ ಇದು ಮೊದಲು ತಮಾಷೆ ಅನಿಸಿತು. ಆಮೇಲೆ ಅದರ ಹಿಂದಿನ ಯೋಚನೆ ಹೊಳೆಯಿತು. ಮತ್ತೆ ಬಿಚ್ಚಬಹುದಾದ ಬದಲಾವಣೆ ಪರವಾಗಿಲ್ಲ, ಬಿಚ್ಚಲಾಗದ್ದು ಬೇಡ. ಕೌನ್ಸಿಲಿನವರು ಅರ್ಜಿ ನೋಡುವಾಗ ಹೆಚ್ಚಾಗಿ ತೂಗುವುದು ಇದನ್ನೇ.

ಬಡತನ ಉಳಿಸಿದ ಊರು

ಕಾನೂನು ಬಂದದ್ದು 1940ರ ದಶಕದಲ್ಲಿ. ಹಾಗಾದರೆ ಅದಕ್ಕೂ ಮುಂಚೆ 400 ವರ್ಷ ಈ ಕಟ್ಟಡಗಳನ್ನು ಕಾದದ್ದು ಯಾರು?

ಲ್ಯಾವೆನಮ್ ಎಂಬ ಸಣ್ಣ ಊರು ಇದಕ್ಕೆ ಉತ್ತರ ಕೊಡುತ್ತದೆ. 1500ರ ಸುಮಾರಿಗೆ ಅದು ಇಂಗ್ಲೆಂಡಿನ ಶ್ರೀಮಂತ ಊರುಗಳಲ್ಲಿ ಒಂದು. ಕುರಿ ಉಣ್ಣೆಯ ದಪ್ಪ ನೀಲಿ ಬಟ್ಟೆಗೆ ಹೆಸರುವಾಸಿ. ವ್ಯಾಪಾರಿಗಳು ಓಕ್ ಮರದ ದೊಡ್ಡ ದೊಡ್ಡ ಮನೆ ಕಟ್ಟಿಸಿದರು. 1530ರ ಸುಮಾರಿಗೆ ಅವರ ಒಂದು ಸಂಘ ಗಿಲ್ಡ್‌ಹಾಲ್ ಎಂಬ ಸಭಾಭವನ ಕಟ್ಟಿತು. ಆಮೇಲೆ ಹಾಲೆಂಡಿನ ಕಡೆಯಿಂದ ಬಂದ ನೇಕಾರರು ಪಕ್ಕದ ಕೌಂಟಿಯ ಕೋಲ್ಚೆಸ್ಟರ್‌ನಲ್ಲಿ ಹಗುರವಾದ, ಅಗ್ಗದ ಬಟ್ಟೆ ನೇಯತೊಡಗಿದರು. ಲ್ಯಾವೆನಮ್ ವ್ಯಾಪಾರ ಬಿತ್ತು. ಊರಿಗೆ ದುಡ್ಡೇ ಇಲ್ಲ ಅಂದಮೇಲೆ ಹಳೇ ಮನೆ ಕೆಡವಿ ಹೊಸದು ಕಟ್ಟೋದೆಲ್ಲಿಂದ? ಇದ್ದದ್ದರಲ್ಲೇ ತೇಪೆ ಹಾಕಿಕೊಂಡು ಇದ್ದರು. ಇವತ್ತು ಆ ಪುಟ್ಟ ಊರಿನಲ್ಲಿ 300ಕ್ಕೂ ಹೆಚ್ಚು ಲಿಸ್ಟೆಡ್ ಕಟ್ಟಡಗಳಿವೆ.

ಆ ಮನೆಗಳನ್ನು ಹತ್ತಿರದಿಂದ ನೋಡಿದರೆ ಒಂದೂ ನೆಟ್ಟಗಿಲ್ಲ. ಒಂದು ಎಡಕ್ಕೆ ವಾಲಿದೆ, ಪಕ್ಕದ್ದು ಅದರ ಹೆಗಲಿಗೆ ಒರಗಿದೆ. ಮೇಲಿನ ಮಹಡಿ ಕೆಳಗಿನದಕ್ಕಿಂತ ಮುಂದಕ್ಕೆ ಚಾಚಿಕೊಂಡಿದೆ. ಬಾಗಿಲ ಚೌಕಟ್ಟು ಓರೆ, ಅದಕ್ಕೆ ತಕ್ಕ ಹಾಗೆ ಬಾಗಿಲೂ ಓರೆ. ಕಾರಣ ಇಷ್ಟೇ: ಓಕ್ ಮರ ಒಣಗಿದ ಮೇಲೆ ಕಬ್ಬಿಣದ ಹಾಗೆ, ಉಳಿ ಹಿಡಿಯಲ್ಲ. ಅದಕ್ಕೇ ಬಡಗಿಗಳು ಹಸಿ ಮರದಲ್ಲೇ ಕಟ್ಟುತ್ತಿದ್ದರು. ಮರ ಆಮೇಲೆ ಜಾಗದಲ್ಲೇ ಒಣಗುತ್ತಾ, ತಿರುಚಿಕೊಳ್ಳುತ್ತಾ ಹೋಯಿತು. ಕೀಲುಗಳೂ ಅದರ ಜೊತೆಗೇ ಬಿಗಿಯಾದವು. ಬೀಳುವ ಹಾಗೆ ಕಾಣುತ್ತದೆ, ಬೀಳುವುದಿಲ್ಲ.

ಗಿಲ್ಡ್‌ಹಾಲ್ ಕೂಡ ಸುಮ್ನೆ ನಿಂತಿರಲಿಲ್ಲ. ಜೈಲಾಯಿತು, ಬಡವರ ದುಡಿಮೆಮನೆಯಾಯಿತು. ಈಗ ಅದೊಂದು ಮ್ಯೂಸಿಯಂ. ಪ್ರತಿ ಕಾಲದಲ್ಲೂ ಯಾರಿಗೋ ಅದರಿಂದ ಏನೋ ಒಂದು ಉಪಯೋಗ ಇತ್ತು. ಮಾಡು ಸೋರಿದಾಗ ಹೆಂಚು ಹೊದಿಸಲು ಅಷ್ಟು ಸಾಕು.

ಒಂದೇ ತರ ಕೇಳುವ ಹೆಸರುಗಳು

ಅಲ್ಲಿಗೆ ಹೋದವರು ಗೊಂದಲಕ್ಕೆ ಬೀಳುವುದು ಸಂಸ್ಥೆಗಳ ಹೆಸರಿನಲ್ಲಿ. ಹಿಸ್ಟಾರಿಕ್ ಇಂಗ್ಲೆಂಡ್ ಪಟ್ಟಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ. ಇಂಗ್ಲಿಷ್ ಹೆರಿಟೇಜ್ 2015ರಲ್ಲಿ ಅದರಿಂದ ಬೇರೆಯಾದ ಚಾರಿಟಿ, ಕೋಟೆ-ಪಾಳುಮಠಗಳಿಗೆ ಟಿಕೆಟ್ ಕೊಡುವುದು ಇದು. ಸಫೋಕ್‌ನ ಫ್ರ್ಯಾಮ್ಲಿಂಗಮ್ ಮತ್ತು ಆರ್ಫರ್ಡ್ ಕೋಟೆಗಳು ಇದರ ಕೈಯಲ್ಲಿವೆ. ನ್ಯಾಷನಲ್ ಟ್ರಸ್ಟ್ ಅಂದ ಕೂಡಲೇ ಸರ್ಕಾರದ್ದು ಅನಿಸುತ್ತದೆ, ಅಲ್ಲ. 1895ರಲ್ಲಿ ಶುರುವಾದ ಸ್ವತಂತ್ರ ಚಾರಿಟಿ, ಸದಸ್ಯರ ಚಂದಾ ಮತ್ತು ದಾನದಿಂದ ನಡೆಯುತ್ತದೆ. ಲ್ಯಾವೆನಮ್ ಗಿಲ್ಡ್‌ಹಾಲ್ ಅದರದು. ನಾಲ್ಕನೆಯದು ಥಿಯೇಟರ್ಸ್ ಟ್ರಸ್ಟ್. ಅದರ ಮಾತು ಮುಂದೆ ಬರುತ್ತದೆ.

ರಂಗಮಂದಿರ ಮಾತ್ರ ಬೇರೆ ಕೇಸು

ಹಳೇ ಮನೆಯಲ್ಲಿ ಜನ ಇರುತ್ತಾರೆ. ಹಳೇ ಚರ್ಚಿನಲ್ಲಿ ಭಾನುವಾರ ಪ್ರಾರ್ಥನೆ ಆಗುತ್ತದೆ. ಹಳೇ ರಂಗಮಂದಿರಕ್ಕೆ ಮಾತ್ರ ದಿನಾ ಸಂಜೆ ನೂರಾರು ಜನ ದುಡ್ಡು ಕೊಟ್ಟು ಬರಬೇಕು. ಬರದಿದ್ದರೆ ಅದು ಕತ್ತಲೆ. ಆಟ ಇಲ್ಲದ ಮಂದಿರವನ್ನು ಅಲ್ಲಿನವರು ಕರೆಯುವುದೇ "ಡಾರ್ಕ್" ಅಂತ.

ಇಷ್ಟು ಸಣ್ಣ ಊರುಗಳಲ್ಲಿ ರಂಗಮಂದಿರ ಬಂದದ್ದಾದರೂ ಹೇಗೆ? 1737ರ ಒಂದು ಕಾನೂನು ಮಾತಿನ ನಾಟಕಕ್ಕೆ ಮೂಗುದಾರ ಹಾಕಿತ್ತು. ರಾಜನ ಪರವಾನಗಿ ಪಡೆದ ಬೆರಳೆಣಿಕೆಯ ಮಂದಿರಗಳಿಗೆ ಮಾತ್ರ ಹಕ್ಕು. ಉಳಿದವರು ಕಣ್ಣುತಪ್ಪಿಸಿ ಆಡುತ್ತಿದ್ದರು. 1741ರಲ್ಲಿ ಡೇವಿಡ್ ಗ್ಯಾರಿಕ್ ಎಂಬ ಹುಡುಗ ಇಪ್ಸ್‌ವಿಚ್‌ನಲ್ಲಿ ಬೇರೆ ಹೆಸರಿಟ್ಟುಕೊಂಡು ವೇಷ ಹಾಕಿದ್ದ. ಮುಂದೆ ಅವನೇ ಆ ಶತಮಾನದ ದೊಡ್ಡ ನಟನಾದ. 1788ರಲ್ಲಿ ಕಟ್ಟು ಸಡಿಲವಾಯಿತು. ಸ್ಥಳೀಯ ಮ್ಯಾಜಿಸ್ಟ್ರೇಟರೇ 60 ದಿನದ ತನಕ ಪರವಾನಗಿ ಕೊಡಬಹುದು ಅಂತಾಯಿತು.

ಒಂದೂರಲ್ಲಿ 60 ದಿನ ಅಂದರೆ ಉಳಿದ ದಿನ? ಇನ್ನೊಂದೂರು. ಹೀಗೆ ಸರ್ಕ್ಯೂಟ್ ಬೆಳೆಯಿತು. ನಮ್ಮ ಕಂಪನಿ ನಾಟಕದವರು ಜಾತ್ರೆ ನೋಡಿಕೊಂಡು ಕ್ಯಾಂಪ್ ಹಾಕುತ್ತಿದ್ದರಲ್ಲ, ಹಾಗೆಯೇ. ವ್ಯತ್ಯಾಸ ಏನೆಂದರೆ ನಮ್ಮವರು ತಗಡಿನ ಥಿಯೇಟರನ್ನು ಲಾರಿಯಲ್ಲಿ ಹೊತ್ತು ತಿರುಗಿದರು, ಅವರು ಊರೂರಲ್ಲಿ ಪಕ್ಕಾ ಕಟ್ಟಡ ಕಟ್ಟಿ ಬೀಗ ಹಾಕಿಕೊಂಡು ಹೋದರು. ನಾರಿಚ್ ಊರಿನ ಕಂಪನಿ ಬೆರಿಗೆ ಬರುತ್ತಿದ್ದದ್ದು ಶರತ್ಕಾಲದ ದೊಡ್ಡ ಜಾತ್ರೆಯ ಹೊತ್ತಿಗೆ. ಫಿಶರ್ ಎಂಬ ಕುಟುಂಬದ ಇನ್ನೊಂದು ಕಂಪನಿ ಸಣ್ಣ ಊರುಗಳನ್ನು ಹಿಡಿಯಿತು. ಅವರು 1828ರಲ್ಲಿ ಬಂಗೀ ಎಂಬ ಊರಿನಲ್ಲಿ ಕಟ್ಟಿದ ಮಂದಿರ ಮುಂದೆ ಧಾನ್ಯದ ಸಂತೆ, ಸಿನಿಮಾ, ಲಾಂಡ್ರಿ, ಬಟ್ಟೆ ಗೋದಾಮು ಎಲ್ಲ ಆಗಿ, 2006ರಲ್ಲಿ ಮತ್ತೆ ರಂಗಮಂದಿರವಾಯಿತು.

ಈಗ ಬೆರಿಗೆ ವಾಪಸ್ ಬರೋಣ. ನಾರಿಚ್ ಸರ್ಕ್ಯೂಟಿನ ಒಡೆತನ ಇದ್ದದ್ದು ವಿಲ್ಕಿನ್ಸ್ ಕುಟುಂಬದ ಕೈಯಲ್ಲಿ. ಮಗ ವಿಲಿಯಂ ವಿಲ್ಕಿನ್ಸ್ ಆರ್ಕಿಟೆಕ್ಟ್. ಲಂಡನ್ನಿನ ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿ ಕೂಡ ಅವನದೇ. ಬೆರಿಯ ಹಳೇ ಮಂದಿರ ಮಾರುಕಟ್ಟೆ ಕಟ್ಟಡದ ಮಹಡಿ ಮೇಲಿತ್ತು, ಇಕ್ಕಟ್ಟು. ವಿಲ್ಕಿನ್ಸ್ ಹೊಸದು ಕಟ್ಟಿದ. 1819ರ ಅಕ್ಟೋಬರ್ 11ರಂದು ಬಾಗಿಲು ತೆರೆಯಿತು.

ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಅದೆಷ್ಟು ಚಿಕ್ಕದು ಅನ್ನೋದು. ಕುದುರೆ ಲಾಳದ ಹಾಗೆ ಬಾಗಿದ ಬಾಕ್ಸುಗಳ, ಅಂದರೆ ದುಡ್ಡಿದ್ದವರು ಕೂರುವ ಸಣ್ಣ ಸಣ್ಣ ಕೋಣೆಗಳ, ಸಾಲು. ಮೇಲೆ ಆಕಾಶದ ಚಿತ್ರ ಬರೆದ ಚಾವಣಿ. ಕೆಳಗೆ ಪಿಟ್, ಅಲ್ಲಿ ಆಗ ಒರಗು ಇಲ್ಲದ ಬೆಂಚುಗಳು. ಎಲ್ಲಕ್ಕೂ ಮೇಲೆ ಗ್ಯಾಲರಿ, ಅಂದರೆ ನಮ್ಮ ಟೆಂಟ್ ಸಿನಿಮಾದ ನೆಲದ ಟಿಕೆಟ್ ಇದ್ದ ಹಾಗೆ, ಗಲಾಟೆಯೂ ಅಲ್ಲೇ ಜಾಸ್ತಿ. ದುಡ್ಡಿಗೆ ತಕ್ಕ ಜಾಗ, ಜಾಗಕ್ಕೊಂದು ಬೇರೆ ದಾರಿ. ಬಾಕ್ಸಿನ ದೊರೆಸಾನಿಗೆ ಗ್ಯಾಲರಿಯ ಕೂಲಿಯವನು ಎದುರಾಗಬಾರದು ನೋಡಿ.

ರಂಗ ಚೌಕಟ್ಟಿನೊಳಗೆ ನಿಲ್ಲುವುದಿಲ್ಲ. ಒಂದು ತುಂಡು ಪ್ರೇಕ್ಷಕರ ನಡುವಿಗೇ ಚಾಚಿಕೊಂಡಿದೆ. ಮೇಣದ ಬತ್ತಿ, ಎಣ್ಣೆ ದೀಪದ ಕಾಲ ಅದು. ಹಿಂದೆ ಹೋದರೆ ನಟನ ಮುಖ ಕಾಣದು, ಮುಂದೆ ಬಂದೇ ಮಾತಾಡಬೇಕು. ಆಟ ನಡೆಯುವಾಗ ಪ್ರೇಕ್ಷಕರ ಕಡೆಯ ದೀಪವನ್ನೂ ಆರಿಸುತ್ತಿರಲಿಲ್ಲ. ಜನ ನಾಟಕ ನೋಡೋಕೆ ಎಷ್ಟು ಬರುತ್ತಿದ್ದರೋ, ಬಂದವರನ್ನು ನೋಡೋಕೂ ಅಷ್ಟೇ ಬರುತ್ತಿದ್ದರು. ಸುಮಾರು 780 ಜನರನ್ನು ತುಂಬುತ್ತಿದ್ದರಂತೆ. ಈಗ ಅದೇ ಜಾಗದಲ್ಲಿ 350ರ ಆಸುಪಾಸು ಸೀಟು.

ಪೀಪಾಯಿ ಬಂದದ್ದು, ಹೋದದ್ದು

1840ರ ದಶಕದಲ್ಲಿ ರೈಲು ಬಂತು. ದುಡ್ಡಿದ್ದವರು ಲಂಡನ್ನಿಗೇ ಹೋಗಿ ನಾಟಕ ನೋಡತೊಡಗಿದರು, ಸರ್ಕ್ಯೂಟುಗಳು ಮುರಿದು ಬಿದ್ದವು. ಬೆರಿಯ ಮಂದಿರ ಕುಂಟುತ್ತಾ ನಡೆಯಿತು. 1892ರಲ್ಲಿ ಒಂದು ಸಲ ಮಿಂಚಿತು. ಆಮೇಲೆ ಲಂಡನ್ನಿನಲ್ಲಿ ವರ್ಷಗಟ್ಟಲೆ ಓಡಿದ ನಗೆನಾಟಕ 'ಚಾರ್ಲೀಸ್ ಆಂಟ್' ಮೊದಲ ಸಲ ಆಡಿದ್ದು ಈ ರಂಗದ ಮೇಲೇ. 1906ರಲ್ಲಿ ಒಳಗೆ ಆಗಿನ ಫ್ಯಾಷನ್ನಿಗೆ ತಕ್ಕ ಬದಲಾವಣೆ ಮಾಡಿದರು. ಆಮೇಲೆ ಸಿನಿಮಾ ಬಂತು. 1925ಕ್ಕೆ ಬಾಗಿಲು ಮುಚ್ಚಿತು.

ಆ ಹೊತ್ತಿಗೆ ಕಟ್ಟಡ ಎದುರಿನ ಬಿಯರ್ ಕಂಪನಿಯ ಕೈ ಸೇರಿತ್ತು. ಅವರಿಗೆ ನಾಟಕದ ಹಂಗಿಲ್ಲ, ಬೇಕಾದದ್ದು ಗೋದಾಮು. ಆದರೆ ಪೀಪಾಯಿ ಒದ್ದೆಯಾಗಬಾರದು ಅಂದರೆ ಮಾಡು ಸೋರಬಾರದು. ಪೀಪಾಯಿಗೆ ಕಮಾನು, ಬಾಕ್ಸು ಅಡ್ಡಿಯೂ ಅಲ್ಲ. ಇಂಗ್ಲೆಂಡಿನ ತುಂಬ ಬೇರೆ ಮಂದಿರಗಳು ಸಿನಿಮಾ ಆಗಲು, ಅಂಗಡಿ ಆಗಲು ಒಳಗಿನದೆಲ್ಲ ಕಿತ್ತುಕೊಳ್ಳುತ್ತಿದ್ದ ಕಾಲದಲ್ಲಿ ಇದು ಗೋದಾಮಾಗಿ ಬಚಾವಾಯಿತು. ಊರಿನವರು ಚಂದಾ ಎತ್ತಿ 1965ರಲ್ಲಿ ಮತ್ತೆ ತೆರೆದರು. 1975ರಲ್ಲಿ ಕಂಪನಿ ಅದನ್ನು ನ್ಯಾಷನಲ್ ಟ್ರಸ್ಟಿಗೆ 999 ವರ್ಷದ ಗುತ್ತಿಗೆಗೆ ಕೊಟ್ಟಿತು.

2005ರಲ್ಲಿ ದೊಡ್ಡ ರಿಪೇರಿ ಶುರುವಾಯಿತು. ಆಗ ಎದ್ದ ಪ್ರಶ್ನೆ ಈ ಇಡೀ ವಿಷಯದ ಗಂಟು: ಯಾವ ವರ್ಷಕ್ಕೆ ವಾಪಸ್ ಹೋಗಬೇಕು? 1819ಕ್ಕಾ? 1906ರದ್ದೂ ಚರಿತ್ರೆಯೇ ತಾನೆ? 1965ರಲ್ಲಿ ಊರಿನವರು ಮಾಡಿದ್ದು? ಇಂಗ್ಲೆಂಡಿನಲ್ಲಿ ಈ ಜಗಳ ಹಳೆಯದು. ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲೇ ಒಂದು ಸಂಘ ಕಟ್ಟಿ, ಹಳೇ ಕಟ್ಟಡವನ್ನು ಕೆರೆದು 'ಮೂಲ' ರೂಪಕ್ಕೆ ತರುವುದು ಸುಳ್ಳು ಚರಿತ್ರೆ ಕಟ್ಟಿದ ಹಾಗೆ, ಇದ್ದದ್ದನ್ನು ಇದ್ದ ಹಾಗೆ ದುರಸ್ತಿ ಮಾಡಿ ಸಾಕು ಎಂದು ವಾದಿಸಿದ್ದರು. ಈ ವಾದಕ್ಕೆ ಇವತ್ತಿಗೂ ಅಲ್ಲಿ ಬೆಲೆ ಇದೆ. ಬೆರಿಯಲ್ಲಿ ಮಾತ್ರ 1819ರ ಕಡೆಗೇ ಹೋದರು. ಆ ಕಾಲದ ಇಷ್ಟು ಪೂರ್ತಿಯಾದ, ಆಟವೂ ನಡೆಯುವ ಮಂದಿರ ಇಂಗ್ಲೆಂಡಿನಲ್ಲಿ ಇನ್ನೆಲ್ಲೂ ಉಳಿದಿಲ್ಲ ಅನ್ನುವುದು ಕಾರಣ. ಮುಂಚಾಚಿದ ರಂಗ ವಾಪಸ್ ಬಂತು, ಬಾಕ್ಸುಗಳು ಬಂದವು. 1819ರ ಕಟ್ಟಡದಲ್ಲಿ ಇಲ್ಲದ, ಇವತ್ತಿನವರಿಗೆ ಬೇಕೇ ಬೇಕಾದ ಸೌಕರ್ಯಗಳು ಹೊಸದಾಗಿ ಸೇರಿಸಿದ ಭಾಗದಲ್ಲಿ ಬಂದವು. 50 ಲಕ್ಷ ಪೌಂಡಿಗೂ ಜಾಸ್ತಿ ಖರ್ಚು. 2007ರಲ್ಲಿ ಮತ್ತೆ ಆಟ.

ಕಟ್ಟಡ ಗ್ರೇಡ್ 1. ಆದರೆ ಆ ದರ್ಜೆ ಕಟ್ಟಡವನ್ನು ಕಾಯುತ್ತದೆಯೇ ಹೊರತು ನಾಟಕವನ್ನಲ್ಲ. ಈ ಕೊರತೆ ತುಂಬಲು 1976ರಲ್ಲಿ ಕಾನೂನು ಮಾಡಿಯೇ ಹುಟ್ಟಿಸಿದ್ದು ಥಿಯೇಟರ್ಸ್ ಟ್ರಸ್ಟ್. ರಂಗಮಂದಿರ ಇರುವ ಜಾಗದಲ್ಲಿ ಯಾರು ಏನೇ ಕಟ್ಟಲು ಅರ್ಜಿ ಹಾಕಿದರೂ ಕೌನ್ಸಿಲ್ ಈ ಟ್ರಸ್ಟಿನ ಅಭಿಪ್ರಾಯ ಕೇಳಲೇಬೇಕು. ಮಂದಿರ ಲಿಸ್ಟೆಡ್ ಆಗಿರಲಿ, ಇಲ್ಲದಿರಲಿ. ಟ್ರಸ್ಟು ಬೇಡ ಅಂದರೆ ಕೆಲಸ ನಿಂತೇಬಿಡುತ್ತದೆ ಅಂತಿಲ್ಲ, ಕೇಳದೆ ಮುಂದೆ ಹೋಗುವ ಹಾಗಿಲ್ಲ.

ಮೊಳಕೆಮನೆಯಲ್ಲಿ ಸಂಗೀತ

ಹಳೇ ಕಟ್ಟಡಕ್ಕೆ ಹಳೇ ಕೆಲಸವೇ ಸಿಗಬೇಕೆಂದಿಲ್ಲ. ಸಮುದ್ರ ತೀರದ ಸ್ನೇಪ್ ಹಳ್ಳಿಯಲ್ಲಿ 19ನೇ ಶತಮಾನದ ಉದ್ದುದ್ದ ಇಟ್ಟಿಗೆ ಕಟ್ಟಡಗಳಿವೆ. ಅವು ಮಾಲ್ಟಿಂಗ್ಸ್. ರಾಗಿ ಮಾಲ್ಟ್ ಕುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸುವ ಜಾಗ. ಅದು ಹೋಗುತ್ತಿದ್ದದ್ದು ಬಿಯರಿಗೆ. 1965ರಲ್ಲಿ ಕೆಲಸ ನಿಂತಿತು.

ಹತ್ತಿರದ ಆಲ್ಡ್‌ಬರಾದಲ್ಲಿ ಸಂಗೀತಗಾರ ಬೆಂಜಮಿನ್ ಬ್ರಿಟನ್ ಗೆಳೆಯರ ಜೊತೆ ಸೇರಿ 1948ರಿಂದ ಸಂಗೀತೋತ್ಸವ ನಡೆಸುತ್ತಿದ್ದ. ಊರಿನ ಸಣ್ಣ ಹಾಲ್ ಸಾಲುತ್ತಿರಲಿಲ್ಲ. ಸ್ನೇಪ್‌ನ ಅತಿ ದೊಡ್ಡ ಮಾಲ್ಟ್ ಮನೆಯನ್ನು ಸಭಾಂಗಣ ಮಾಡಿದರು. 1967ರಲ್ಲಿ ರಾಣಿ ಎಲಿಜಬೆತ್ ಬಂದು ಉದ್ಘಾಟಿಸಿದರು. ಎರಡೇ ವರ್ಷಕ್ಕೆ, 1969ರ ಉತ್ಸವದ ಮೊದಲ ರಾತ್ರಿ, ಬೆಂಕಿ. ಗೋಡೆ ಉಳಿಯಿತು, ಮಾಡು ಪೂರ್ತಿ ಹೋಯಿತು. ಆ ವರ್ಷದ ಉತ್ಸವ ನಿಲ್ಲಲಿಲ್ಲ. ಮೊಜಾರ್ಟ್‌ನ ಒಪೆರಾವನ್ನು ಬ್ಲೈತ್‌ಬರಾ ಊರಿನ ಹಳೇ ಚರ್ಚಿಗೆ ಒಯ್ದು ಆಡಿದರು. ಒಂದು ವರ್ಷದಲ್ಲಿ ಮಾಡು ಎದ್ದಿತು, ರಾಣಿ ಇನ್ನೊಂದು ಸಲ ಬಂದರು. ದಪ್ಪ ಇಟ್ಟಿಗೆ ಗೋಡೆ, ಮೇಲೆ ಎತ್ತರದ ಮರದ ಮಾಡು, ಹಾಗಾಗಿ ನಾದ ತುಂಬಿ ನಿಲ್ಲುತ್ತದೆ ಅಂತ ಸಂಗೀತಗಾರರು ಇಂದಿಗೂ ಕೊಂಡಾಡುತ್ತಾರೆ.

ಖರ್ಚು ಯಾರದು?

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಪಟ್ಟಿಗೆ ಸೇರಿಸುವ ಸರ್ಕಾರ ಅದರ ಜೊತೆಗೆ ದುಡ್ಡು ಕೊಡುವುದಿಲ್ಲ. ರಿಪೇರಿ ಮಾಲೀಕನ ತಲೆಗೇ. ಅದರ ಮೇಲೆ ತೆರಿಗೆ ಬೇರೆ: ಹೊಸ ಮನೆ ಕಟ್ಟಿದರೆ ಅವರ ವ್ಯಾಟ್ ಸೊನ್ನೆ, ಹಳೇ ಮನೆ ರಿಪೇರಿಗೆ ಶೇ. 20. ಉಳಿಸಿ ಅನ್ನುವ ಕಾನೂನೂ ಅವರದ್ದೇ, ಈ ಲೆಕ್ಕವೂ ಅವರದ್ದೇ! ದೊಡ್ಡ ಸಾರ್ವಜನಿಕ ಕಟ್ಟಡಗಳಿಗೆ 1994ರಲ್ಲಿ ಶುರುವಾದ ನ್ಯಾಷನಲ್ ಲಾಟರಿಯ ಒಂದು ಪಾಲು ಹೋಗುತ್ತದೆ. ಉಳಿದದ್ದಕ್ಕೆ ದಾನಿಗಳು, ಟಿಕೆಟ್ ಮಾರಾಟ, ಬಾರ್, ಸಂಬಳವಿಲ್ಲದೆ ಬಂದು ಸೀಟು ತೋರಿಸುವ ಊರಿನ ನಿವೃತ್ತರು. 2011ರ ಕಾನೂನೊಂದರ ಪ್ರಕಾರ ಊರಿನವರು ಒಂದು ಕಟ್ಟಡವನ್ನು "ಸಮುದಾಯಕ್ಕೆ ಬೇಕಾದದ್ದು" ಅಂತ ನೋಂದಾಯಿಸಬಹುದು. ಆಗ ಅದು ಮಾರಾಟಕ್ಕೆ ಬಂದರೆ ದುಡ್ಡು ಹೊಂದಿಸಿಕೊಳ್ಳಲು ಅವರಿಗೆ ಆರು ತಿಂಗಳ ತನಕ ಕಾಲಾವಕಾಶ.

ಕಿಟಕಿ ಏನಾಯಿತು?

ನಮ್ಮ ಹುಡುಗಿ ಕೌನ್ಸಿಲಿನ ಹಳೇ ಕಟ್ಟಡಗಳ ಅಧಿಕಾರಿಯನ್ನು ಕೇಳಿದಳು. ಗ್ರೇಡ್ 2 ಮನೆ, ಮೇಲೆ ಕೆಳಗೆ ಜಾರುವ ಮರದ ಕಿಟಕಿ. ಗಾಜು ಹಳೆಯದು, ಸ್ವಲ್ಪ ಅಲೆಅಲೆಯಾಗಿದೆ. ಆಚೆ ಹೋಗುವ ಸೈಕಲ್ ಅದರಲ್ಲಿ ಬಳುಕಿದ ಹಾಗೆ ಕಾಣುತ್ತದಂತೆ. ಅದನ್ನು ಕಿತ್ತು ಹೊಸ ಚೌಕಟ್ಟು ಹಾಕಲು ಒಪ್ಪಲಿಲ್ಲ. ಆದರೆ ಒಳಗಡೆಯಿಂದ ಇನ್ನೊಂದು ತೆಳು ಚೌಕಟ್ಟು ನಿಲ್ಲಿಸಿ ಗಾಜು ಹಾಕಿಕೊಳ್ಳಬಹುದು ಅಂದರು. ಸ್ಕ್ರೂ ಬಿಚ್ಚಿದರೆ ಹೊರಬರುತ್ತದೆ, ಹಳೇ ಕಿಟಕಿಗೆ ಒಂದು ಗೀರೂ ಬೀಳುವುದಿಲ್ಲ. ಇಪ್ಸ್‌ವಿಚ್‌ನ ಈಜುಕೊಳದ ಮೇಲೆ ನೆಲ ಹಾಸಿದ ಲೆಕ್ಕವೇ.

ಹಾಕಿಸಿದಳು. ಗಾಳಿ ನಿಂತಿದೆ. ಚಳಿಗೆ ಮುದುರಿಕೊಂಡು ಕೂತಿದ್ದ ಕರಿಬೇವಿನ ಕುಂಡವನ್ನು ಅಡುಗೆಮನೆಯಿಂದ ಆ ಕಿಟಕಿಯ ಹತ್ತಿರ ತಂದಿಟ್ಟಿದ್ದಾಳೆ. ಮೊನ್ನೆ ಫೋಟೋ ಕಳಿಸಿದ್ದಳು, ಎರಡು ಹೊಸ ಚಿಗುರು ಬಂದಿವೆ.